ರೆಡ್‌ಬಡ್ ಹಾಕಲೋ, ಮಂದಾರ ಹಾಕಲೋ? ಬೆಳೆಸಿದವರು ಹೇಳಿ

ಗೋಕುಲ ರಸ್ತೆ, ಹುಬ್ಬಳ್ಳಿ (ಪ್ರಶ್ನೆ): ಮಗಳು ಅಮೆರಿಕದ ಓಕ್ಲಹೋಮಾದಲ್ಲಿದ್ದಾಳೆ. ಅಲ್ಲಿ ರೆಡ್‌ಬಡ್ ಮರ ನೋಡಿ ಬಂದೆ. ಎಲೆ ಬರುವ ಮೊದಲೇ ಟೊಂಗೆ, ಕಾಂಡದ ಮೇಲೆಲ್ಲಾ ಗುಲಾಬಿ ಬಣ್ಣದ ಹೂ. ಮನೆ ಮುಂದೆ ಹತ್ತು ಅಡಿ ಜಾಗ ಇದೆ, ಎರೆ ಮಣ್ಣು, ಪಕ್ಕದಲ್ಲೇ ಸಂಪು. ಇಲ್ಲಿ ರೆಡ್‌ಬಡ್ ಬರುತ್ತಾ? ಬರದಿದ್ದರೆ ಅದರ ಬಳಗದ ಮಂದಾರದಲ್ಲಿ ಯಾವ ತಳಿ ಹಾಕಲಿ?

ಸಪ್ತಾಪುರ, ಧಾರವಾಡ: ಬರೋದಿಲ್ಲ ರೀ. ನಾನು ಬೆಳೆಸಿ ನೋಡಿದ್ದೇನೆ. ಬೀಜಕ್ಕೆ 450, ಕೊರಿಯರಿಗೆ 90 ಕೊಟ್ಟೆ. ಅದರ ಸಿಪ್ಪೆ ಗಟ್ಟಿ, ಕುದಿ ನೀರಿನಲ್ಲಿ ನೆನೆಹಾಕಬೇಕು. ಆಮೇಲೆ ಒದ್ದೆ ಮರಳಿನಲ್ಲಿಟ್ಟು ಎರಡು ಮೂರು ತಿಂಗಳು ಫ್ರಿಜ್ಜಿನಲ್ಲಿ ಇಡಬೇಕು. ಎಲ್ಲಾ ಮಾಡಿದೆ. ಮೊಳಕೆ ಬಂತು, ಹೃದಯದ ಆಕಾರದ ಚಂದದ ಎಲೆಯೂ ಬಂತು. ಏಪ್ರಿಲ್ ಬಿಸಿಲಿಗೆ ಅಂಚು ಸುಟ್ಟಿತು, ಮಳೆಗಾಲಕ್ಕೆ ಬೇರು ಕೊಳೆಯಿತು. ಆ ಮರಕ್ಕೆ ಚಳಿಗಾಲದಲ್ಲಿ ವಾರಗಟ್ಟಲೆ ಗಟ್ಟಿ ಚಳಿ ಬೇಕು, ಆಗಲೇ ಮೊಗ್ಗು ಎಚ್ಚರಾಗುವುದು. ನಮ್ಮಲ್ಲಿ ಡಿಸೆಂಬರಿನ ನಸುಕಿನಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡುತ್ತೇವೆ ನಿಜ, ಆದರೆ ಆ ಚಳಿ ಅದಕ್ಕೆ ಸಾಲದು. ನೇರಳೆ ಎಲೆಯ ಫಾರೆಸ್ಟ್ ಪ್ಯಾನ್ಸಿ ತಳಿಯೂ ಅಷ್ಟೇ. ಇನ್ನೊಂದು ಮಾತು, ಮಗಳ ಬ್ಯಾಗಿನಲ್ಲಿ ಸಸಿ, ಬೀಜ ಸುಮ್ನೆ ತರಿಸಬೇಡಿ. ಆಮದು ಪರವಾನಗಿ, ಅಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು.

ವಿದ್ಯಾನಗರ, ಹುಬ್ಬಳ್ಳಿ: ರೆಡ್‌ಬಡ್ ಬಿಡಿ. ಹಾಂಗ್‌ಕಾಂಗ್ ಮಂದಾರ ಹಾಕಿ, ನರ್ಸರಿಯಲ್ಲಿ ಬ್ಲೇಕಿಯಾನಾ ಅಂತ ಕೇಳಿ. ನಮ್ಮ ಮನೆ ಮುಂದೆ ನವೆಂಬರಿನಿಂದ ಮಾರ್ಚ್ ತನಕ ಅಂಗೈ ಅಗಲದ ಹೂ, ರಸ್ತೆಯಲ್ಲಿ ಹೋಗುವವರು ನಿಂತು ಫೋಟೋ ತೆಗೆಯುತ್ತಾರೆ. ಹಾಂಗ್‌ಕಾಂಗ್ ಬಾವುಟದ ಮೇಲಿರುವುದು ಇದೇ ಹೂ. ಕೆಂಪು ಮಂದಾರ, ಬಸವನಪಾದ (ಅದೂ ಮಂದಾರದ ಒಂದು ಜಾತಿ) ಎರಡೂ ಕೂಡಿ ಹುಟ್ಟಿದ ಮಿಶ್ರ ತಳಿ ಇದು. ಕಾಯಿ ಕಟ್ಟುವುದಿಲ್ಲ, ಹಾಗಾಗಿ ಬೀಜದ ಕಾಟವೇ ಇಲ್ಲ.

ಖರ್ಚು ಕೇಳಿ. ಕಸಿ ಗಿಡಕ್ಕೆ 1,400. ಎರೆ ಮಣ್ಣು ಮೂರಡಿ ತೆಗೆಸಲು ಇಬ್ಬರು ಆಳು, 1,600. ಅದರ ಬದಲಿಗೆ ಮಸಾರಿ (ಕೆಂಪು) ಮಣ್ಣು ಅರ್ಧ ಟ್ರಾಕ್ಟರ್ 1,800. ತೆಗೆದ ಎರೆ ಮಣ್ಣು ಸಾಗಿಸಲು ಬೇರೆ 700, ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಬೇವಿನ ಹಿಂಡಿ, ತಿಪ್ಪೆಗೊಬ್ಬರ, ಸುತ್ತ ಜಾಳಿಗೆ ಸೇರಿ 2,300. ಇದಕ್ಕೂ ಮೊದಲು ಒಬ್ಬ ನರ್ಸರಿಯವನು ಬ್ಲೇಕಿಯಾನಾ ಅಂತ 900 ರೂಪಾಯಿಗೆ ಕೊಟ್ಟ ಗಿಡ ಮೂರನೇ ವರ್ಷ ಗೊಂಚಲುಗಟ್ಟಲೆ ಕಾಯಿ ಬಿಟ್ಟಿತು. ಕಾಯಿ ಬಿಟ್ಟರೆ ಅದು ಬ್ಲೇಕಿಯಾನಾ ಅಲ್ಲವೇ ಅಲ್ಲ. ಕೇಳಲು ಹೋದರೆ ಆ ಜಾಗದಲ್ಲಿ ಟೈಲ್ಸ್ ಅಂಗಡಿ.

ಹಾವೇರಿ: ಗಿಡ, ಮಣ್ಣು ಎಲ್ಲಾ ಸೇರಿ ಏಳೆಂಟು ಸಾವಿರ ಒಂದು ಮಂದಾರಕ್ಕೆ! ಹೊಸಬರನ್ನು ಹೀಗೆ ಹೆದರಿಸಬೇಡಿ. ನಮ್ಮದು ಸಾದಾ ಬಸವನಪಾದ, 40 ರೂಪಾಯಿ ಸಸಿ. ಎರೆ ಮಣ್ಣಿನಲ್ಲೇ ಹಾಕಿದ್ದು. ನೀರು ನಿಲ್ಲದಂತೆ ಬುಡಕ್ಕೆ ಏರಿ ಮಾಡಿದೆ, ಅಷ್ಟೇ. ಮಳೆಗಾಲ ಮುಗಿಯುತ್ತಲೇ ಎಲೆ ಇರುವಾಗಲೇ ಹೂ ಬಿಡುತ್ತದೆ, ದೀಪಾವಳಿಗೆ ಮನೆ ತುಂಬಾ ಹೂ. ಎರಡು ವರ್ಷ ಬುಡದಲ್ಲಿ ಗೆದ್ದಲು ಬಂತು, ಮೇಕೆ ಒಮ್ಮೆ ಸುಳಿಯನ್ನೇ ತಿಂದು ಹಾಕಿತು. ಮತ್ತೆ ಚಿಗುರಿತು. ನಮ್ಮ ನೆಲದ ಗಿಡಕ್ಕೆ ಆ ಛಲ ಇದೆ.

ವಿದ್ಯಾನಗರ, ಹುಬ್ಬಳ್ಳಿ: ಅಣ್ಣಾರ, ನಿಮ್ಮ ಬಸವನಪಾದದ ಕಾಯಿ ಬೇಸಿಗೆಯಲ್ಲಿ ಪಟಪಟ ಸಿಡಿಯುವುದನ್ನೂ ಹೇಳಿ. ಬೀಜ ದೂರ ಹಾರುತ್ತದೆ. ನಮ್ಮ ಪಕ್ಕದ ಮನೆಯವರ ಗಿಡದ ಬೀಜ ನಮ್ಮ ಗಟಾರದಲ್ಲಿ, ಕಂಪೌಂಡ್ ಬಿರುಕಿನಲ್ಲಿ ಮೊಳೆತು, ಅದನ್ನು ಕೀಳಿಸಿ ಗೋಡೆ ಗಿಲಾಯಿ ಮಾಡಿಸಲು ನನಗೆ 6,500 ಆಯಿತು. ಅವರು ಒಂದು ರೂಪಾಯಿ ಕೊಡಲಿಲ್ಲ. ಅಗ್ಗದ ಗಿಡದ ನಿಜವಾದ ಬೆಲೆ ಪಕ್ಕದ ಮನೆಯವರು ಕಟ್ಟುತ್ತಾರೆ.

ಹಾವೇರಿ: ನಿಮ್ಮ ಪಕ್ಕದ ಮನೆಯವರ ಸಿಟ್ಟು ನನ್ನ ಮೇಲೇಕೆ? ಕಾಯಿ ಹಸಿರಿರುವಾಗಲೇ ಕೊಯ್ದು ಹಾಕಿದರೆ ಮುಗೀತು. ನಾನು ಪ್ರತಿ ವರ್ಷ ಕೊಯ್ಯುತ್ತೇನೆ. ಮಾಡುವ ಕೆಲಸ ಮಾಡದೆ ಗಿಡವನ್ನು ಬೈಯಬಾರದು.

ಬೆಟಗೇರಿ, ಗದಗ: ನೀವಿಬ್ಬರೂ ನೀರಿನ ಮಾತೇ ಎತ್ತಲಿಲ್ಲ. ನಮ್ಮ ಕಡೆ ನಲ್ಲಿ ನೀರು ಬಂದ ದಿನ ಹಬ್ಬ. ಕೆಂಪು ಮಂದಾರ ಹಾಕಿದ್ದೆ, ಫೆಬ್ರವರಿಯಲ್ಲಿ ಎಲೆ ಉದುರಿಸಿ ಹೂ ಬಿಡುವಂಥದ್ದು. ಪ್ರಶ್ನೆ ಕೇಳಿದವರಿಗೆ ರೆಡ್‌ಬಡ್ ನೆನಪು ತರುವುದು ಇದೇ, ಬರಿ ಟೊಂಗೆಯ ಮೇಲೆ ಹೂ. ಉತ್ತರ ಭಾರತದವರು ಇದರ ಮೊಗ್ಗು ಪಲ್ಯ ಮಾಡುತ್ತಾರೆ, ನಮ್ಮ ಬಾಡಿಗೆಯವರು ಮಾಡಿ ಕೊಟ್ಟಿದ್ದರು, ರುಚಿ ಇತ್ತು. ಆದರೆ ಎಳೆ ಗಿಡಕ್ಕೆ ಎರಡು ಬೇಸಿಗೆ ಟ್ಯಾಂಕರ್ ನೀರು ಹಾಕಿದೆ. ಒಂದು ಟ್ಯಾಂಕರಿಗೆ 600, ಮೇ ತಿಂಗಳಲ್ಲಿ 800. ಮನೆಯಲ್ಲಿ ಜಗಳ. ಬಟ್ಟೆ ತೊಳೆದ ನೀರು ಹಾಕಿದರೆ ಎಲೆ ಹಳದಿಯಾಯಿತು. ಆ ಗಿಡ ಉಳಿಯಲಿಲ್ಲ, ಈಗಲೂ ಬೇಜಾರಿದೆ.

ಈಗ ಇರುವುದು ಸಣ್ಣ ಎಲೆಯ ಮಂದಾರ, ಮರಾಠಿಯವರು ಆಪಟಾ ಅನ್ನುವ ಗಿಡ. ಹೂವು ಸಣ್ಣದು, ಬಿಳಿ ಹಳದಿ, ಶೋಗೆ ಏನೂ ಇಲ್ಲ. ಬೇರೂರಿದ ಮೇಲೆ ನೀರೇ ಕೇಳುವುದಿಲ್ಲ. ಸಂಕಟ ಒಂದೇ, ದಸರಾ ಹಿಂದಿನ ರಾತ್ರಿ ಬನ್ನಿ ಅಂತ ಎಲೆ ಕೀಳಲು ಬಂದವರು ಟೊಂಗೆಯನ್ನೇ ಮುರಿದುಕೊಂಡು ಹೋಗುತ್ತಾರೆ. ಕಳೆದ ಸಲ ಗೇಟಿನ ಕೊಂಡಿಯೂ ಹೋಯಿತು, 350.

ಸಪ್ತಾಪುರ, ಧಾರವಾಡ: ಅದು ಬನ್ನಿ ಅಲ್ಲ. ಬನ್ನಿಗೆ ಮುಳ್ಳಿರುತ್ತದೆ, ಎಲೆ ಹುಣಸೆ ಎಲೆಯ ಹಾಗೆ ಸಣ್ಣ ಸಣ್ಣದು. ಸುಮ್ನೆ ತಪ್ಪು ಹರಡಬೇಡಿ.

ಬೆಟಗೇರಿ, ಗದಗ: ಅದು ಬನ್ನಿ ಅಂತ ನಾನೆಲ್ಲಿ ಹೇಳಿದೆ? ಕೀಳುವವರು ಹಾಗೆ ಅಂದುಕೊಂಡು ಕೀಳುತ್ತಾರೆ ಅಂದೆ. ಎರಡೂ ಎಲೆ ಹಂಚುವವರಿದ್ದಾರೆ, ಪೇಟೆಗೆ ಹೋಗಿ ನೋಡಿ. ಓದದೆ ಉತ್ತರ ಬರೆಯುವುದು ಬಿಡಿ.

ಸಪ್ತಾಪುರ, ಧಾರವಾಡ: ಹಂಚಿದ ಮಾತ್ರಕ್ಕೆ ಆಗುತ್ತಾ? ನಮ್ಮ ಅಜ್ಜ ಬನ್ನಿ ಮರಕ್ಕೆ ಪೂಜೆ ಮಾಡದೆ ಊಟ ಮಾಡುತ್ತಿರಲಿಲ್ಲ. ಇದು ನಮಗೆ ಸಣ್ಣ ವಿಷಯ ಅಲ್ಲ.

ರಾಣೇಬೆನ್ನೂರು: ದಸರಾ ಜಗಳ ಸಾಕು ರೀ. ಅಕ್ಕಾರ ಕೇಳಿದ್ದು ಹತ್ತು ಅಡಿ ಜಾಗಕ್ಕೆ. ಅಷ್ಟರಲ್ಲಿ ಮರ ಯಾಕೆ? ಬಿಳಿ ಮಂದಾರ ಹಾಕಿ, ನರ್ಸರಿಯಲ್ಲಿ ಅಕ್ಯುಮಿನಾಟಾ ಅಂತ ಕೇಳಿ. ಆಳೆತ್ತರದ ಪೊದೆ, ಕುಂಡದಲ್ಲೂ ಬರುತ್ತದೆ. ನನ್ನದು 120 ರೂಪಾಯಿ ಗಿಡ. ಮೇಲೆ ಕರೆಂಟ್ ತಂತಿ ಇದ್ದರೂ ಭಯ ಇಲ್ಲ. ನಮ್ಮಣ್ಣನ ಮನೆಯ ದೊಡ್ಡ ಮಂದಾರವನ್ನು ತಂತಿಗೆ ತಾಗುತ್ತದೆ ಅಂತ ಕರೆಂಟಿನವರು ಹೂವಿನ ಕಾಲದಲ್ಲೇ ಅರ್ಧ ಕಡಿದು ರಸ್ತೆಗೆ ಎಸೆದು ಹೋದರು. ಅತ್ತಿಗೆ ಅತ್ತರು.

ಹಾವೇರಿ: ಪೊದೆ ಹಾಕಿ ಮರ ಹಾಕಿದೆ ಅನ್ನುವುದಾ? ನೆರಳು ಎಲ್ಲಿ?

ರಾಣೇಬೆನ್ನೂರು: ಅವರು ನೆರಳು ಕೇಳಿಲ್ಲ. ಹೂ ಕೇಳಿದ್ದಾರೆ.

ಗೋಕುಲ ರಸ್ತೆ, ಹುಬ್ಬಳ್ಳಿ: ಎಲ್ಲರಿಗೂ ಧನ್ಯವಾದ. ನನಗೆ ಮರವೇ ಬೇಕು, ಬೀಜದ ಕಾಟ ಬೇಡ. ಆದರೆ ನರ್ಸರಿಯವರು ಕೊಡುವುದು ಬ್ಲೇಕಿಯಾನಾ ಹೌದೋ ಅಲ್ಲವೋ ಗೊತ್ತಾಗುವುದು ಹೇಗೆ? ನೀರಿನ ಸಂಪಿನೊಳಗೆ ಬೇರು ಹೋಗುತ್ತಾ?

ವಿದ್ಯಾನಗರ, ಹುಬ್ಬಳ್ಳಿ: ಎಳೆ ಗಿಡದ ಎಲೆ ನೋಡಿ ಹೇಳಲು ಆಗದು. ಬುಡದಲ್ಲಿ ಕಸಿಯ ಗಂಟು ಇದೆಯಾ ನೋಡಿ. ಅದಕ್ಕಿಂತ ಜಾಸ್ತಿ ನಂಬಿಕೆ ಬೇಕಂದರೆ ಕಾಯಿ ಬಿಡದ ತಾಯಿ ಮರ ಕಣ್ಣಾರೆ ನೋಡಿ ಅದರಿಂದಲೇ ತಗೊಳ್ಳಿ. ಜೂನಿನಲ್ಲಿ ಮಳೆ ಹಿಡಿದ ಮೇಲೆ ನಮ್ಮ ಮರಕ್ಕೆ ಗೂಟಿ ಕಟ್ಟುತ್ತೇನೆ, ಅಂದರೆ ಟೊಂಗೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು. ಬೇರು ಬಂದ ಮೇಲೆ ಬಂದು ಒಯ್ಯಿರಿ. ದುಡ್ಡು ಬೇಡ. ಗುಂಡಿಯನ್ನು ಮಾತ್ರ ಬೇಸಿಗೆಯಲ್ಲೇ ತೆಗೆಸಿಡಿ, ಮಳೆ ಬಿದ್ದ ಮೇಲೆ ಎರೆ ಮಣ್ಣಿನಲ್ಲಿ ಸಲಿಕೆ ಆಡುವುದಿಲ್ಲ.

ಹಾವೇರಿ: ಬಸವನಪಾದದ ಬೀಜ ಬೇಕಾದವರಿಗೆ ನಾನೂ ಪುಕ್ಕಟೆ ಕೊಡುತ್ತೇನೆ. ಯಾರ ಗೋಡೆಗೂ ತೊಂದರೆ ಆಗದಂತೆ ಹೇಗೆ ಬೆಳೆಸಬೇಕು ಅಂತಲೂ ಹೇಳಿಕೊಡುತ್ತೇನೆ.