ಆರ್ಮಿ ಅಂಡ್ ನೇವಿ ಜೋಡಿ ನಳಿಗೆಯ ಕೋವಿ: ಕಾಲವನ್ನೂ ಮೊದಲ ಒಡೆಯರನ್ನೂ ತಿಳಿಯುವ ಬಗೆ

ಪ್ರಶ್ನೆ (ವಿರಾಜಪೇಟೆಯಿಂದ)

ಎಲ್ಲರಿಗೂ ನಮಸ್ಕಾರ. ಪ್ರತಿವರ್ಷ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕ್ ಪೂ ಎಂಬ ಹೂ ಇಟ್ಟು ಪೂಜಿಸುವ ನಮ್ಮ ಮನೆಯ ಜೋಡಿ ನಳಿಗೆಯ ಕೋವಿಯನ್ನು ಅಜ್ಜ ಊರು ಬಿಟ್ಟು ಹೊರಟಿದ್ದ ಕಾಫಿ ತೋಟದ ದೊರೆಯೊಬ್ಬರಿಂದ ಕೊಂಡರೆಂದು ಹಿರಿಯರು ಹೇಳುತ್ತಾರೆ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ‘ಆರ್ಮಿ ಅಂಡ್ ನೇವಿ ಸಿ.ಎಸ್.ಎಲ್., ಮೇಕರ್ಸ್, 105 ವಿಕ್ಟೋರಿಯಾ ಸ್ಟ್ರೀಟ್’ ಎಂದು ಇಂಗ್ಲಿಷಿನಲ್ಲಿ ಕೆತ್ತಲಾಗಿದೆ. ನಳಿಗೆ ಬಿಚ್ಚಿ ಅಡಿಭಾಗ ನೋಡಿದಾಗ ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಎಂಬ ಮುದ್ರೆಗಳು, ವಜ್ರಾಕೃತಿಯೊಳಗೆ ‘12 ಸಿ’, ಜೊತೆಗೆ 13/1, 2½ ಇಂಚು ಮತ್ತು 1⅛ ಔನ್ಸ್ ಎಂಬ ಗುರುತುಗಳು ಕಂಡವು. ಇದು ಯಾವ ಕಾಲದ್ದು, ಮೊದಲು ಯಾರ ಕೈಯಲ್ಲಿತ್ತು ಎಂದು ತಿಳಿಯುವ ದಾರಿ ಇದೆಯೇ?

ಉತ್ತರ (ಮೈಸೂರಿನಿಂದ)

ನೀವು ಮುದ್ರೆಗಳನ್ನು ಇಷ್ಟು ಜಾಗ್ರತೆಯಿಂದ ಓದಿರುವುದರಿಂದ ಅರ್ಧ ಕೆಲಸ ಆಗಿಹೋಗಿದೆ. ಮೇಲೆ ‘ಮೇಕರ್ಸ್’ ಎಂದಿದ್ದರೂ ಆರ್ಮಿ ಅಂಡ್ ನೇವಿ ಎಂಬುದು 1871ರಲ್ಲಿ ಲಂಡನ್ನಿನಲ್ಲಿ ಸೇನಾಧಿಕಾರಿಗಳಿಗಾಗಿ ಹುಟ್ಟಿಕೊಂಡ ಸಹಕಾರಿ ಮಳಿಗೆ. ಅದು ಮಾರಿದ ಕೋವಿಗಳಲ್ಲಿ ಹಲವನ್ನು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ತಯಾರಿಸಿ ಕೊಡುತ್ತಿತ್ತು. ಆ ಕಾಲದ ಬ್ರಿಟನ್ನಿನಲ್ಲಿ ಇದು ಮಾಮೂಲಿ ಪದ್ಧತಿ. ಕಲ್ಕತ್ತೆಯ ಮ್ಯಾಂಟನ್, ರೋಡಾ ಮೊದಲಾದ ಅಂಗಡಿಗಳ ಹೆಸರಿನ ಕೋವಿಗಳನ್ನೂ ಇದೇ ಎಚ್ಚರದಿಂದ ನೋಡಬೇಕು.

ಕಾಲದ ವಿಷಯಕ್ಕೆ ಬಂದರೆ, ಕಿರೀಟದಡಿಯ ಬಿ.ಪಿ., ಬಿ.ವಿ. ಮತ್ತು ಹೊಗೆರಹಿತ ಮದ್ದಿನ ಪರೀಕ್ಷೆಯನ್ನು ಸೂಚಿಸುವ ಎನ್.ಪಿ., ಇವು ಕೋವಿಗಳ ಬಲವನ್ನು ಪರೀಕ್ಷಿಸಿ ಮುದ್ರೆ ಒತ್ತುವ ಸಂಸ್ಥೆಯಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ 1904ರಿಂದ ಒತ್ತತೊಡಗಿದ ಮುದ್ರೆಗಳು. ಅದಕ್ಕೂ ಹಿಂದಿನ ಕೋವಿಯಾಗಿದ್ದರೆ ಅಡ್ಡಲಾಗಿ ಹೆಣೆದ ಎರಡು ರಾಜದಂಡಗಳ ಚಿತ್ರ ಇರುತ್ತಿತ್ತು. ತೋಟಾ ಕೂರುವ ಜಾಗದ ಉದ್ದವನ್ನು, ಅಂದರೆ ನಿಮ್ಮ 2½ ಇಂಚನ್ನು, ನಳಿಗೆಯ ಮೇಲೆ ನಮೂದಿಸುವ ನಿಯಮ 1925ರದು. ಇನ್ನು ಸಿ.ಎಸ್.ಎಲ್. (ಕೋ-ಆಪರೇಟಿವ್ ಸೊಸೈಟಿ ಲಿಮಿಟೆಡ್) ಎಂಬ ಹೆಸರು 1934ರಲ್ಲಿ ‘ಆರ್ಮಿ ಅಂಡ್ ನೇವಿ ಸ್ಟೋರ್ಸ್’ ಎಂದು ಬದಲಾಯಿತು. ಆದ್ದರಿಂದ ಇದು 1925 ಮತ್ತು 1934ರ ನಡುವೆ ಪರೀಕ್ಷೆಯಾಗಿ ಮಾರಾಟವಾದ ಕೋವಿ ಎಂದು ನಾನು ಭಾವಿಸುತ್ತೇನೆ.

ಉತ್ತರ (ಬರ್ಮಿಂಗ್‌ಹ್ಯಾಮಿನಿಂದ)

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಒಂದು ಷರತ್ತಿನೊಂದಿಗೆ. ಹಳೆಯ ಕೋವಿಯನ್ನು ದುರಸ್ತಿಯ ನಂತರ ಮತ್ತೆ ಪರೀಕ್ಷೆಗೆ ಕಳುಹಿಸಿದಾಗಲೂ ಹೊಸ ಮುದ್ರೆ ಬೀಳುತ್ತದೆ. ಅಂಥ ಕೋವಿಯಲ್ಲಿ ಹಳೆಯ ಮುದ್ರೆಗಳೂ ಪಕ್ಕದಲ್ಲೇ ಉಳಿದಿರುತ್ತವೆ. ಹಾಗಾಗಿ ನಳಿಗೆಗಳು ಬಂದು ಕೂರುವ ಚಪ್ಪಟೆ ಉಕ್ಕಿನ ಮೇಲಿನ ಮುದ್ರೆಗಳನ್ನೂ, ನಳಿಗೆ, ಮುಂದಿನ ಮರದ ಕಬ್ಬಿಣ ಮತ್ತು ಟ್ರಿಗರ್ ರಕ್ಷಾಪಟ್ಟಿಯ ಮೇಲಿನ ಕ್ರಮಸಂಖ್ಯೆಗಳನ್ನೂ ಹೋಲಿಸಿರಿ. ಸಂಖ್ಯೆಗಳು ಬೇರೆ ಬೇರೆಯಾಗಿದ್ದರೆ ನಳಿಗೆ ಬದಲಾಗಿರಬಹುದು.

ಹ್ಯಾಮರ್ ಹೊರಗೆ ಕಾಣದ ಬಾಕ್ಸ್‌ಲಾಕ್ ಆಗಿದ್ದರೂ ಅದರಿಂದ ತಯಾರಕರನ್ನು ಊಹಿಸಬೇಡಿ. ಕೋವಿ ತಯಾರಕ ಸಂಸ್ಥೆ ವೆಸ್ಟ್ಲಿ ರಿಚರ್ಡ್ಸ್‌ನ ಕೆಲಸಗಾರರಾದ ಆನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಪಡೆದ ಈ ರಚನೆಯನ್ನು ನಿಮ್ಮ ಕೋವಿಯ ಕಾಲಕ್ಕೆ ಎಲ್ಲರೂ ಬಳಸುತ್ತಿದ್ದರು.

ಆರ್ಮಿ ಅಂಡ್ ನೇವಿಯ ಕೋವಿ ದಾಖಲೆಗಳು ಗ್ಲಾಸ್ಗೋ ವಿಶ್ವವಿದ್ಯಾಲಯದ ದಾಖಲೆಗಾರದಲ್ಲಿವೆ. ಕ್ರಮಸಂಖ್ಯೆ ಕೊಟ್ಟು ಬರೆದು ಕೇಳಿರಿ. ಆದರೆ ಅಲ್ಲಿ ಸಿಗುವ ಹೆಸರು ನಿಮ್ಮ ತೋಟದ ದೊರೆಯದೇ ಆಗಬೇಕಿಲ್ಲ. ಸದಸ್ಯನಾಗಿದ್ದ ಬಂಧುವೊಬ್ಬ ಕೊಂಡು ಕೊಟ್ಟಿರಬಹುದು. ಮುಂಬಯಿ, ಕಲ್ಕತ್ತೆಗಳಲ್ಲೂ ಅವರ ಶಾಖೆಗಳಿದ್ದವು ಎಂಬುದನ್ನೂ ಗಮನದಲ್ಲಿಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮತ್ತೆ ಬಿಚ್ಚಿ ನೋಡಿದೆ: ಮೂರೂ ಕಡೆ ಸಂಖ್ಯೆ ಒಂದೇ, ರಾಜದಂಡದ ಗುರುತು ಎಲ್ಲಿಯೂ ಇಲ್ಲ. ನಮ್ಮ ಹಳೆಯ ಕೋವಿ ಪರವಾನಗಿ ವಿನಾಯಿತಿ ಪ್ರಮಾಣಪತ್ರಗಳಲ್ಲಿ ಈ ಸಂಖ್ಯೆ ಮೊದಲು ಯಾವ ವರ್ಷ ಬಂದಿದೆ ಎಂದು ಹುಡುಕಿ, ಗ್ಲಾಸ್ಗೋಗೂ ಬರೆಯುತ್ತೇನೆ. 13/1 ಎಂದರೇನು ಎಂಬುದೊಂದು ಉಳಿಯಿತು.

ಉತ್ತರ (ಬರ್ಮಿಂಗ್‌ಹ್ಯಾಮಿನಿಂದ)

ಅದು ಪರೀಕ್ಷೆಯ ದಿನ ಹಿಂಬದಿಯಿಂದ 9 ಇಂಚು ಒಳಗೆ ಅಳೆದ ನಳಿಗೆಯ ಒಳವ್ಯಾಸ. 12 ಎಂದರೆ 0.729 ಇಂಚು, 13/1 ಎಂದರೆ 0.719 ಇಂಚು. ಬಲ್ಲ ಕೋವಿ ದುರಸ್ತಿಗಾರರಿಂದ ಇಂದಿನ ಅಳತೆ ತೆಗೆಸಿರಿ, ಅದು 0.729 ಮುಟ್ಟಿದ್ದರೆ, ತುಕ್ಕು ತೆಗೆಯಲು ಒಳಗೆ ಉಜ್ಜಿ ಉಜ್ಜಿ ಗೋಡೆ ತೆಳುವಾಗಿದೆ, ಪರೀಕ್ಷೆಯ ಮಿತಿ ದಾಟಿದೆ ಎಂದೇ ತಿಳಿಯಬೇಕು. ಅಳತೆ ಸರಿಯಿದ್ದರೂ 2½ ಇಂಚಿನ ಈ ನಳಿಗೆಗೆ ಅದಕ್ಕಿಂತ ಉದ್ದವಾದ ಈಗಿನ 70 ಮಿ.ಮೀ. ತೋಟಾ ಹಾಕಬೇಡಿ.