ಸಿಟ್ಟು ಬಂದರೂ ಕಣ್ಣೀರೇ ಬರುತ್ತದೆ, ಯಾಕೆ ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮೊನ್ನೆ ಮೀಟಿಂಗ್‌ನಲ್ಲಿ ಬೇರೆಯವರ ತಪ್ಪನ್ನು ನನ್ನ ತಲೆಗೆ ಕಟ್ಟಿದರು. ಉತ್ತರ ಕೊಡೋಣ ಅಂತ ಎದ್ದು ನಿಂತರೆ ಗಂಟಲು ಕಟ್ಟಿತು, ಕಣ್ಣು ತುಂಬಿತು, ಮೂಗು ಸೋರಲು ಶುರುವಾಯಿತು. ಒಂದು ಮಾತೂ ಹೊರಡಲಿಲ್ಲ. ನನಗೆ ಬಂದಿದ್ದು ಸಿಟ್ಟು, ದುಃಖ ಅಲ್ಲ. ಇದು ಕಣ್ಣಿನ ತೊಂದರೆಯಾ?

ಉತ್ತರ (ಕಣ್ಣಿನ ವೈದ್ಯೆ): ಖಂಡಿತ ಅಲ್ಲ. ಹೀಗೆ ಕೇಳುವವರು ತುಂಬಾ ಜನ, ನಾಚಿಕೆ ಬೇಡ.

ಕಣ್ಣಿನಲ್ಲಿ ಸದಾ ಇರುವ ತೇವ ಒಂದು ಬಗೆಯ ಕಣ್ಣೀರು. ಹೊಗೆ, ಧೂಳು, ಈರುಳ್ಳಿಗೆ ಬರುವುದು ಇನ್ನೊಂದು. ಮನಸ್ಸು ಉಕ್ಕಿದಾಗ ಬರುವುದು ಮೂರನೆಯದು. ಹುಬ್ಬಿನ ಕೆಳಗೆ, ಕಣ್ಣಿನ ಹೊರಮೂಲೆಯ ಹತ್ತಿರ ಕಣ್ಣೀರಿನ ಗ್ರಂಥಿ ಇದೆ. ಮಿದುಳಿನಿಂದ ಅದಕ್ಕೆ ನರದ ಮೂಲಕ ಅಪ್ಪಣೆ ಬರುತ್ತದೆ. ಮನಸ್ಸು ಉಕ್ಕಿದ್ದು ಸಿಟ್ಟಿಗೋ, ದುಃಖಕ್ಕೋ, ಸಂತೋಷಕ್ಕೋ ಅನ್ನುವುದು ಗ್ರಂಥಿಗೆ ಬೇಕಿಲ್ಲ.

ಮೂಗು ಯಾಕೆ ಸೋರುತ್ತದೆ ಅಂತ ನೀವೇ ನೋಡಬಹುದು. ಕೈ ತೊಳೆದುಕೊಂಡು ಕನ್ನಡಿ ಮುಂದೆ ನಿಂತು ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆಯಿರಿ. ಮೂಗಿನ ಕಡೆಯ ಮೂಲೆಯಲ್ಲಿ, ರೆಪ್ಪೆಯ ಅಂಚಿನ ಮೇಲೆ, ಸೂಜಿ ಚುಚ್ಚಿದಷ್ಟು ಸಣ್ಣ ತೂತು ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಇಂಥದ್ದೇ ಒಂದಿದೆ. ಕಣ್ಣೀರು ಇವುಗಳಲ್ಲಿ ಇಳಿದು ಮೂಗಿಗೆ ಹೋಗುತ್ತದೆ. ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡಾಗ ಗಂಟಲು ಕಹಿ ಆಗುತ್ತದಲ್ವಾ, ಅದೂ ಇದೇ ದಾರಿ. ಅಳು ಜೋರಾದಾಗ ಇಷ್ಟು ಸಣ್ಣ ತೂತು ಸಾಲುವುದಿಲ್ಲ, ಉಳಿದಿದ್ದು ಕೆನ್ನೆ ಮೇಲೆ ಹರಿಯುತ್ತದೆ.

ಇನ್ನು ಗಂಟಲು. ಮನಸ್ಸು ಕುದಿಯುವಾಗ ಜಾಸ್ತಿ ಉಸಿರು ಬೇಕು ಅಂತ ದೇಹ ಉಸಿರಿನ ಬಾಗಿಲನ್ನು ಅಗಲವಾಗಿ ತೆರೆದಿಡುತ್ತದೆ. ಅದೇ ಹೊತ್ತಿಗೆ ನೀವು ಅಳು ನುಂಗಲು ಹೋಗುತ್ತೀರಿ. ನುಂಗಬೇಕಾದರೆ ಆ ಬಾಗಿಲು ಮುಚ್ಚಬೇಕು. ಈ ಎಳೆದಾಟವೇ ಗಂಟಲಿನ ಗಂಟು. ಮುಂದಿನ ಸಲ ಅದರ ಜೊತೆ ಗುದ್ದಾಡಬೇಡಿ. ಒಂದು ಗುಟುಕು ನೀರು ಕುಡಿದು, ನಿಧಾನಕ್ಕೆ ಉಸಿರು ಬಿಟ್ಟು, "ಒಂದು ನಿಮಿಷ ಕೊಡಿ, ನಾನು ಹೇಳುವುದಿದೆ" ಅನ್ನಿ.

ಇನ್ನೊಬ್ಬರು: ಅತ್ತರೆ ಮೈಯಲ್ಲಿರುವ ವಿಷ ಹೊರಗೆ ಹೋಗುತ್ತೆ ಅಂತಾರಲ್ಲ ಮೇಡಂ, ನಿಜಾನಾ?

ಉತ್ತರ: ಆ ಮಾತಿಗೆ ಒಂದು ಮೂಲ ಇದೆ. ಮನಸ್ಸು ನೊಂದು ಬಂದ ಕಣ್ಣೀರಿನಲ್ಲಿ ಈರುಳ್ಳಿಯ ಕಣ್ಣೀರಿಗಿಂತ ಪ್ರೋಟೀನ್ ಜಾಸ್ತಿ ಅಂತ ವಿಲಿಯಂ ಫ್ರೇ ಎಂಬ ವಿಜ್ಞಾನಿ 1980ರ ದಶಕದಲ್ಲಿ ಹೇಳಿದರು. ಆದರೆ ಬೀಳುವುದು ನಾಲ್ಕು ಹನಿ. ಮೈಯನ್ನು ತೊಳೆಯುವ ಕೆಲಸ ಮೂತ್ರಪಿಂಡ, ಯಕೃತ್ತಿನದ್ದು. ಅತ್ತ ಮೇಲೆ ಹಗುರ ಅನಿಸುವುದು ಮಾತ್ರ ನಿಜ. ಯಾರಾದರೂ ಪಕ್ಕ ಬಂದು ಕೂತರೆ ಇನ್ನೂ ಹಗುರ. ಹಾಗಂತ ಕಣ್ಣೀರು ಬರೀ ನೀರಲ್ಲ. ಅದರಲ್ಲಿ ಬ್ಯಾಕ್ಟೀರಿಯಾವನ್ನು ಒಡೆಯುವ ಲೈಸೋಜೈಮ್ ಇದೆ. 1922ರಲ್ಲಿ ಅದರ ಬಗ್ಗೆ ಬರೆದವರು ಅಲೆಕ್ಸಾಂಡರ್ ಫ್ಲೆಮಿಂಗ್, ಆಮೇಲೆ ಪೆನಿಸಿಲಿನ್ ಕಂಡುಹಿಡಿದರಲ್ಲ, ಅವರೇ.

ಮತ್ತೊಬ್ಬರು: ನಮ್ಮ ಪಾಪುಗೆ ಹದಿನೈದು ದಿನ. ಕಿರುಚಿ ಅಳುತ್ತದೆ, ಒಂದು ಹನಿಯೂ ಬರುವುದಿಲ್ಲ. ಭಯ ಆಗ್ತಿದೆ.

ಉತ್ತರ: ಭಯ ಬೇಡಮ್ಮ. ಹುಟ್ಟಿದ ಮೊದಲ ಕೆಲವು ವಾರ ಮಕ್ಕಳು ಹೀಗೇ ಅಳುವುದು. ಕಣ್ಣಿನ ತೇವಕ್ಕೆ ಬೇಕಾದಷ್ಟು ಇರುತ್ತದೆ, ಹರಿಯುವಷ್ಟು ಇರುವುದಿಲ್ಲ. ಆದರೆ ಪಾಪು ಹಾಲು ಕುಡಿಯುವುದು ಕಡಿಮೆಯಾಗಿ, ಉಚ್ಚೆಯೂ ಕಡಿಮೆಯಾದರೆ ತಡ ಮಾಡದೆ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅಳದೆ ಇದ್ದಾಗಲೂ ಒಂದೇ ಕಣ್ಣು ಒಸರಿ ಪಿಸುರು ಕಟ್ಟುತ್ತಿದ್ದರೆ ನಮಗೆ ತೋರಿಸಿ.