ಹೋಸ್ಟಿಂದ ವಿಎಂಗೆ ಪಿಂಗ್ ಹೋಗುತ್ತೆ, ವಿಎಂನಿಂದ ರೂಟರ್‌ಗೆ ಹೋಗಲ್ಲ, ಬ್ರಿಡ್ಜ್ ನೋಡಿದ್ರೆ ಸರಿಯಾಗೇ ಇದೆ

ಹಾಸನದ_ಹುಡ್ಗ

ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟು ಕೆರ ಹಿಡಿದಿದೆ, ಯಾರಾದ್ರೂ ನೋಡಿ ಪ್ಲೀಸ್.

ಸೆಟಪ್ ಮೊದ್ಲು ಹೇಳ್ಬಿಡ್ತೀನಿ. ಸೆಕೆಂಡ್ ಹ್ಯಾಂಡ್ ಪಿಸಿ ಒಂದನ್ನ ಮಹಡಿ ರೂಮಲ್ಲಿ ಇಟ್ಟಿದೀನಿ, ಡೆಬಿಯನ್ 12, ಅದರ ಮೇಲೆ ಕೆವಿಎಂ, ಅದ್ರಲ್ಲಿ ಎರಡು ವಿಎಂ, ಅಂದ್ರೆ ಈ ಪಿಸಿ (ಹೋಸ್ಟ್) ಒಳಗೇ ಓಡೋ ವರ್ಚುವಲ್ ಕಂಪ್ಯೂಟರ್‌ಗಳು. ಮಾನಿಟರ್ ಇಲ್ಲ, ಎಲ್ಲಾ ಎಸ್‌ಎಸ್‌ಎಚ್‌ನಲ್ಲೇ, ನೆಟ್‌ವರ್ಕ್ ಮೂಲಕ ದೂರದಿಂದ. ಬಿಆರ್0 ಅಂತ ಬ್ರಿಡ್ಜ್ (ಸಾಫ್ಟ್‌ವೇರ್ ಸ್ವಿಚ್), ಅದಕ್ಕೆ ಪಿಸಿಯ ನೆಟ್‌ವರ್ಕ್ ಕಾರ್ಡ್ ಇಎನ್‌ಪಿ3ಎಸ್0 ಸೇರ್ಸಿದೀನಿ, ವಿಎಂಗಳ ವಿನೆಟ್0, ವಿನೆಟ್1 ಕೂಡ ಅದ್ರಲ್ಲೇ. ಹೋಸ್ಟಿನ ಐಪಿ ಬಿಆರ್0 ಮೇಲೆ, 192.168.1.20. ವಿಎಂಗಳಿಗೆ ಐಪಿ ನಾನೇ ಕೈಯಲ್ಲಿ ಕೊಟ್ಟಿರೋದು, .31 ಮತ್ತೆ .32. ನಾಲ್ಕು ತಿಂಗಳಿಂದ ಬೆಣ್ಣೆ ತರ ನಡೀತಿತ್ತು.

ಶುಕ್ರವಾರ ಬೆಳಗ್ಗೆ ನೋಡ್ತೀನಿ, ವಿಎಂನಿಂದ ರೂಟರ್‌ಗೆ ಪಿಂಗ್ ಇಲ್ಲ, ಇಂಟರ್ನೆಟ್ ಇಲ್ಲ, ಒಂದು ವಿಎಂನಿಂದ ಇನ್ನೊಂದಕ್ಕೂ ಇಲ್ಲ. ಆದ್ರೆ ಹೋಸ್ಟಿಂದ ಎರಡೂ ವಿಎಂಗೆ ಪಿಂಗ್ ಹೋಗುತ್ತೆ, ವಿಎಂನಿಂದ ಹೋಸ್ಟಿಗೂ ಬರುತ್ತೆ, ಹೋಸ್ಟಲ್ಲಿ ಇಂಟರ್ನೆಟ್ಟೂ ಚೆನ್ನಾಗಿದೆ.

ರೂಟರ್ ಆಫ್ ಆನ್ ಮಾಡ್ದೆ, ಕೇಬಲ್ ಬದಲಾಯಿಸ್ದೆ. ಆಮೇಲೆ ಬುದ್ಧಿ ಇಲ್ದೆ ಬ್ರಿಡ್ಜನ್ನೇ ಅಳಿಸಿ ಹೊಸದಾಗಿ ಮಾಡೋಣ ಅಂತ ಎಸ್‌ಎಸ್‌ಎಚ್‌ನಲ್ಲಿ ಕೂತ್ಕೊಂಡೇ

ಐಪಿ ಲಿಂಕ್ ಡೆಲ್ ಬಿಆರ್0

ಅಂತ ಎಂಟರ್ ಒತ್ತಿದೆ. ಐಪಿ ಇದ್ದಿದ್ದೇ ಅದರ ಮೇಲೆ, ಕನೆಕ್ಷನ್ ಅಲ್ಲೇ ಢಮಾರ್. ಕೊನೆಗೆ ಹಾಲ್‌ನಲ್ಲಿದ್ದ ಟಿವಿ ಕಿತ್ಕೊಂಡು ಮಹಡಿ ಮೇಲೆ ಹೊತ್ಕೊಂಡೋಗಿ ಎಚ್‌ಡಿಎಂಐ ಚುಚ್ಚಿ ರೀಬೂಟ್ ಮಾಡ್ದೆ, ಅಮ್ಮನ ಸೀರಿಯಲ್ ಟೈಮ್ ಬೇರೆ, ಅದ್ರ ಕಥೆ ಬೇಡ ಬಿಡಿ. ರೀಬೂಟ್ ಆದ್ಮೇಲೂ ಅದೇ ಹಾಡು.

ಏನೂ ಬದಲಾಯಿಸಿಲ್ಲ ನಾನು. ಕಮಾಂಡ್‌ಗಳನ್ನ ಕನ್ನಡದಲ್ಲೇ ಬರೀತಿದೀನಿ, ಫೋನಲ್ಲಿ ಕೀಬೋರ್ಡ್ ಬದಲಾಯಿಸ್ತಾ ಕೂರಕ್ಕೆ ಆಗಲ್ಲ.

ಪ್ಯಾಕೆಟ್_ಪುಟ್ಟ

ಗುರು ಇದು ಎಸ್‌ಟಿಪಿ (ಬ್ರಿಡ್ಜಲ್ಲಿ ಲೂಪ್ ಆಗ್ದಂಗೆ ತಡೆಯೋದು) ಇರ್ಬೇಕು. ಎಸ್‌ಟಿಪಿ ಆನ್ ಇದ್ರೆ ಪೋರ್ಟ್ ಮೊದ್ಲು ಲಿಸನಿಂಗ್ 15 ಸೆಕೆಂಡ್, ಆಮೇಲೆ ಲರ್ನಿಂಗ್ 15 ಸೆಕೆಂಡ್, ಒಟ್ಟು ಅರ್ಧ ನಿಮಿಷ ಏನೂ ದಾಟಕ್ಕೆ ಬಿಡಲ್ಲ. ಲೂಪ್ ಇದ್ರಂತೂ ಒಂದು ಪೋರ್ಟನ್ನ ಬ್ಲಾಕ್ ಮಾಡೇ ಇಡುತ್ತೆ. "ಬ್ರಿಡ್ಜ್ ಲಿಂಕ್ ಶೋ" ಹೊಡ್ದು ಸ್ಟೇಟ್ ಏನಿದೆ ಹೇಳು.

ಇನ್ನೊಂದು, ಇಎನ್‌ಪಿ3ಎಸ್0 ಮೇಲೂ ಐಪಿ ಉಳ್ಕೊಂಡಿದ್ಯಾ ನೋಡು. ಪೋರ್ಟ್ ಆದ್ಮೇಲೆ ಅದ್ರ ಮೇಲೆ ಐಪಿ ಇರ್ಬಾರ್ದು, ಬ್ರಿಡ್ಜ್ ಮೇಲೆ ಮಾತ್ರ. ಹೊಸಬ್ರಲ್ಲಿ ಅರ್ಧ ಜನ ಇಲ್ಲೇ ಎಡವೋದು, ನಾನೂ ಎಡವಿದೀನಿ.

ಹಾಸನದ_ಹುಡ್ಗ

ಮೂರೂ ಪೋರ್ಟ್ "ಸ್ಟೇಟ್ ಫಾರ್ವರ್ಡಿಂಗ್" ಅಂತಾನೇ ಇದೆ. ಎಸ್‌ಟಿಪಿ ಆಫ್. ಇಎನ್‌ಪಿ3ಎಸ್0 ಮೇಲೆ ಐಪಿ ಇಲ್ಲ.

ಆದ್ರೆ ಒಂದು ವಿಚಿತ್ರ ಕಾಣ್ತು. ವಿಎಂ ಒಳಗೆ ನೋಡಿದ್ರೆ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು) 52:54:00 ಅಂತ ಶುರುವಾಗುತ್ತೆ, ಹೋಸ್ಟಲ್ಲಿ ಅದೇ ವಿಎಂನ ವಿನೆಟ್0 ನೋಡಿದ್ರೆ ಎಫ್‌ಇ:54:00, ಮಿಕ್ಕಿದ್ದೆಲ್ಲ ಒಂದೇ. ಎರಡು ಬೇರೆ ಬೇರೆ ಇರೋದೇ ಪ್ರಾಬ್ಲಮ್ಮಾ?

ಜೋಳದರೊಟ್ಟಿ

ಅದು ಹಂಗ ಇರಬೇಕ್ರಿ, ಅದನ್ನ ಮುಟ್ಟಬ್ಯಾಡ್ರಿ. ಟ್ಯಾಪ್ ಅಂದ್ರ ಒಂದು ವೈರ್ ಇದ್ದಂಗ, ಆ ಕಡೆ ತುದಿ ವಿಎಂ ಒಳಗಿನ ಕಾರ್ಡು, ಈ ಕಡೆ ತುದಿ ವಿನೆಟ್0, ಎರಡಕ್ಕೂ ಬ್ಯಾರೆ ಬ್ಯಾರೆ ಮ್ಯಾಕ್ ಇರತಾವು. ಎಫ್‌ಇ ಯಾಕ ಅಂದ್ರ, ನೀವು ಬ್ರಿಡ್ಜಿಗೆ ಕೈಯಾರೆ ಮ್ಯಾಕ್ ಕೊಡಲಿಲ್ಲಂದ್ರ ಅದು ತನ್ನ ಪೋರ್ಟ್‌ನಾಗ ಎಲ್ಲಾಕ್ಕಿಂತ ಸಣ್ಣ ಮ್ಯಾಕ್ ಯಾವುದೈತಿ ಅದನ್ನ ತಗೊಂಡು ಕುಂದರ್ತೈತಿ. ವಿಎಂ ಚಾಲೂ ಮಾಡಿದಾಗೊಮ್ಮೆ ಬಂದ್ ಮಾಡಿದಾಗೊಮ್ಮೆ ಹೋಸ್ಟಿನ ಮ್ಯಾಕ್ ಬದಲಾದ್ರ ನಿಮ್ಮ ಎಸ್‌ಎಸ್‌ಎಚ್ ಸುದ್ದಾ ತಡವರಸ್ತೈತಿ. ಅದಕ್ಕ ವಿಎಂ ನಡಸೂ ಸಾಫ್ಟ್‌ವೇರ್ ಲಿಬ್‌ವರ್ಟ್‌ನವ್ರು ಟ್ಯಾಪಿಗೆ ಬೇಕಂತನ ದೊಡ್ಡ ನಂಬರ್ ಕೊಟ್ಟಾರ.

ಈಗ ಊಹೆ ಸಾಕು. ಪ್ಯಾಕೆಟ್ ಎಲ್ಲಿ ಸಾಯಾಕತ್ತೈತಿ ಅಷ್ಟ ನೋಡೋಣು. ವಿಎಂ ಒಳಗ ರೂಟರ್‌ಗೆ ಪಿಂಗ್ ಬಿಟ್ಟು ಹಂಗ ಓಡಾಕ ಬಿಡ್ರಿ. ಹೋಸ್ಟಿನ್ಯಾಗ ಎರಡು ಟರ್ಮಿನಲ್ ತಗದು

ಟಿಸಿಪಿಡಂಪ್ -ಎನ್ -ಐ ವಿನೆಟ್0 ಎಆರ್‌ಪಿ ಆರ್ ಐಸಿಎಂಪಿ
ಟಿಸಿಪಿಡಂಪ್ -ಎನ್ -ಐ ಇಎನ್‌ಪಿ3ಎಸ್0 ಎಆರ್‌ಪಿ ಆರ್ ಐಸಿಎಂಪಿ

ಅಂತ ಹೊಡೀರಿ, ಹಾದು ಹೋಗೂ ಪ್ಯಾಕೆಟ್ ಕಾಣ್ತಾವು. ಎಆರ್‌ಪಿ ಅಂದ್ರ ಈ ಐಪಿಗೆ ಯಾವ ಮ್ಯಾಕ್ ಅಂತ ಕೇಳೂದು, ಐಸಿಎಂಪಿ ಅಂದ್ರ ಪಿಂಗ್. ಜೊತೀಗೆ ವಿಎಂ ಒಳಗ "ಐಪಿ ನೇಬರ್", ಹೋಸ್ಟಿನ್ಯಾಗ "ಬ್ರಿಡ್ಜ್ ಎಫ್‌ಡಿಬಿ ಶೋ ಬಿಆರ್ ಬಿಆರ್0". ನಾಲ್ಕರದ್ದೂ ಏನ್ ಬರ್ತೈತಿ ಹಾಕ್ರಿ.

ಹಾಸನದ_ಹುಡ್ಗ

ಹಾಕಿದೀನಿ ಸರ್.

ವಿನೆಟ್0: ಎಆರ್‌ಪಿ ಕೇಳಿದ್ದೂ ಇದೆ, ಉತ್ತರ ಬಂದಿದ್ದೂ ಇದೆ. ಐಸಿಎಂಪಿ ಎಕೋ ರಿಕ್ವೆಸ್ಟ್ ಸೆಕೆಂಡಿಗೊಂದು ಹೋಗ್ತಿದೆ, ರಿಪ್ಲೈ ಒಂದೂ ಇಲ್ಲ.
ಇಎನ್‌ಪಿ3ಎಸ್0: ಎಆರ್‌ಪಿ ಎರಡೂ ಇದೆ. ಐಸಿಎಂಪಿ ಒಂದೇ ಒಂದು ಲೈನೂ ಇಲ್ಲ!
ಐಪಿ ನೇಬರ್: 192.168.1.1 ಮುಂದೆ ರೂಟರಿನ ಮ್ಯಾಕ್ ಬಂದಿದೆ, ಸ್ಟೇಲ್ ಅಂತಿದೆ.
ಎಫ್‌ಡಿಬಿ: ರೂಟರ್ ಮ್ಯಾಕ್ ಇಎನ್‌ಪಿ3ಎಸ್0 ಕಡೆ, ವಿಎಂನ 52:54 ಮ್ಯಾಕ್ ವಿನೆಟ್0 ಕಡೆ.

ಇದೆಂಗೆ ಸರ್, ಎಆರ್‌ಪಿ ಅದೇ ದಾರೀಲಿ ಹೋಗಿ ಬರುತ್ತೆ, ಪಿಂಗ್ ಯಾಕೆ ಹೋಗಲ್ಲ? ಒಂದೇ ಬ್ರಿಡ್ಜ್ ಅಲ್ವಾ?

ಜೋಳದರೊಟ್ಟಿ

ಸರ್ ಬ್ಯಾಡ್ರಿ, ಅಣ್ಣಾ ಅನ್ರಿ ಸಾಕು.

ಸಿಕ್ತು ನೋಡ್ರಿ. ಬ್ರಿಡ್ಜಿಗೆ ಏನೂ ಆಗಿಲ್ಲ, ಯಾವ ಮ್ಯಾಕ್ ಯಾವ ಕಡೆ ಐತಿ ಅಂತ ಅದಕ್ಕ ಬರೋಬ್ಬರಿ ಗೊತ್ತೈತಿ, ಎಆರ್‌ಪಿ ದಾಟಿಸಾಕತ್ತೈತಿ. ಐಪಿ ಪ್ಯಾಕೆಟ್ ಅಷ್ಟ ಆರಿಸಿ ಆರಿಸಿ ತಡ್ಯಾಕತ್ತಾರ. ಲೇಯರ್ 2 ಸ್ವಿಚ್ಚಿಗೆ ಇದು ಎಆರ್‌ಪಿ, ಇದು ಐಪಿ ಅನ್ನೋ ಭೇದ ಎಲ್ಲಿಂದ ಬರಬೇಕ್ರಿ? ಹಂಗಾರ ನಡುವ ಯಾರೋ ಲೇಯರ್ 3 ಫೈರ್‌ವಾಲ್ ಕುಂತಾನ. ಲಿನಕ್ಸಿನ ಫೈರ್‌ವಾಲ್ ಐಪಿಟೇಬಲ್ಸ್ ಎಆರ್‌ಪಿ ಮುಟ್ಟೂದಿಲ್ಲ, ಐಪಿ ಮುಟ್ತೈತಿ, ನಿಮ್ಮ ಲಕ್ಷಣಕ್ಕ ತಾಳೆ ಆತು.

ಹೋಸ್ಟ್–ವಿಎಂ ನಡುವ ಯಾಕ ನಡೀತೈತಿ ಅಂದ್ರ, ಅದು ಹೋಸ್ಟಿಗೇ ಬಂದದ್ದು, ಇನ್‌ಪುಟ್ ಚೈನ್ (ಫೈರ್‌ವಾಲ್ ರೂಲ್‌ಗಳ ಸಾಲು). ಒಂದು ಪೋರ್ಟಿಂದ ಇನ್ನೊಂದು ಪೋರ್ಟಿಗೆ ದಾಟೂದು ಫಾರ್ವರ್ಡ್ ಚೈನ್. ಅಲ್ಲಿ ಬಾಗಲಾ ಹಾಕ್ಯಾರ.

ಗುರುವಾರ ರಾತ್ರಿ ಏನ್ ಇನ್‌ಸ್ಟಾಲ್ ಮಾಡಿದ್ರಿ? ಏನೂ ಇಲ್ಲ ಅನಬ್ಯಾಡ್ರಿ. ಇವನ್ನ ಹೊಡೀರಿ:

ಎಲ್‌ಎಸ್‌ಮಾಡ್ | ಗ್ರೆಪ್ ಬಿಆರ್_ನೆಟ್‌ಫಿಲ್ಟರ್
ಸಿಸ್‌ಸಿಟಿಎಲ್ ನೆಟ್.ಬ್ರಿಡ್ಜ್.ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್
ಐಪಿಟೇಬಲ್ಸ್ -ಎಲ್ ಫಾರ್ವರ್ಡ್ -ವಿ -ಎನ್

ಹಾಸನದ_ಹುಡ್ಗ

ಅಯ್ಯೋ. ಗುರುವಾರ ಡಾಕರ್ (ಸಾಫ್ಟ್‌ವೇರನ್ನ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಲಿಟ್ಟು ಓಡ್ಸೋದು) ಹಾಕಿದ್ದೆ ಅಣ್ಣಾ, ಮನೆ ಫೋಟೋಗಳನ್ನೆಲ್ಲ ಒಂದು ಕಡೆ ಇಡೋ ಸಾಫ್ಟ್‌ವೇರ್ ಒಂದನ್ನ ಓಡ್ಸಕ್ಕೆ. ಅದಕ್ಕೂ ವಿಎಂಗೂ ಸಂಬಂಧಾನೇ ಇಲ್ಲ ಅಂತ ಹೇಳಿರ್ಲಿಲ್ಲ, ಅದು ಹೋಸ್ಟ್ ಮೇಲಿದೆ, ಅದ್ರ ಬ್ರಿಡ್ಜೇ ಬೇರೆ, ಡಾಕರ್0.

ಮಾಡ್ಯೂಲ್ ಲೋಡ್ ಆಗಿದೆ. ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್) ಬೆಲೆ 1. ಮೂರನೇದ್ರಲ್ಲಿ ಮೊದಲನೇ ಲೈನೇ

ಚೈನ್ ಫಾರ್ವರ್ಡ್ (ಪಾಲಿಸಿ ಡ್ರಾಪ್ 3218 ಪ್ಯಾಕೆಟ್ಸ್, 270ಕೆ ಬೈಟ್ಸ್)

ಅದಕ್ಕೆ ವಾಚ್ ಹಾಕಿ ನೋಡ್ತಾ ಕೂತಿದೀನಿ, ಪಿಂಗ್ ಒಂದು ಹೋದಂಗೆಲ್ಲ 3219, 3220, 3221 ಅಂತ ಒಂದೊಂದೇ ಏರ್ತಿದೆ. ನನ್ ಪಿಂಗ್‌ಗಳ ಶವ ಎಣಿಸ್ದಂಗಿದೆ.

ಕಪ್ಪುಪರದೆ

ಹಹಾ, ಡಾಕ್ಟ್ರ ಹತ್ರ "ಏನೂ ತಿಂದಿಲ್ಲ ಸರ್" ಅಂದಂಗಾಯ್ತು.

ಇದ್ರಲ್ಲಿ ಯಾವುದೂ ಕೆಟ್ಟಿಲ್ಲ, ಎಲ್ಲಾ ಹೇಳಿದಂಗೇ ಕೆಲಸ ಮಾಡ್ತಿದೆ. ಡಾಕರ್ 1.13 ಅಂದ್ರೆ 2017ರಿಂದ ಫಾರ್ವರ್ಡ್ ಪಾಲಿಸಿನ "ಡ್ರಾಪ್" ಅಂತ ಇಡುತ್ತೆ, ಅಂದ್ರೆ ಯಾವ ರೂಲೂ ಒಪ್ಪದ ಪ್ಯಾಕೆಟ್ ಬಿಸಾಕು ಅಂತ, ಕಂಟೇನರ್‌ಗಳಿಗೆ ಹೊರಗಿಂದ ಯಾರೂ ಸುಮ್ನೆ ನುಗ್ಗಬಾರ್ದು ಅಂತ, ಅದನ್ನ ಡಾಕ್ಯುಮೆಂಟಲ್ಲೂ ಬರ್ದಿದಾರೆ. ಅಷ್ಟೇ ಆಗಿದ್ರೆ ನಿಮ್ಮ ಬಿಆರ್0ಗೆ ಏನೂ ಆಗ್ತಿರ್ಲಿಲ್ಲ. ಅದ್ರ ಜೊತೆ ಬಿಆರ್_ನೆಟ್‌ಫಿಲ್ಟರ್ ಮಾಡ್ಯೂಲ್ ಲೋಡ್ ಆದ್ರೆ, ಬ್ರಿಡ್ಜ್ ಒಳಗೇ ಓಡಾಡೋ ಫ್ರೇಮ್‌ಗಳೂ ಐಪಿಟೇಬಲ್ಸ್ ಮನೆ ಹಾದು ಹೋಗ್ಬೇಕು. ಎಲ್ಲಾ ಬ್ರಿಡ್ಜೂ, ಡಾಕರ್0 ಒಂದೇ ಅಲ್ಲ. ಕರ್ನಲ್ 3.18ರ ತನಕ ಈ ಕೋಡ್ ಬ್ರಿಡ್ಜ್ ಮಾಡ್ಯೂಲ್ ಒಳಗೇ ಇತ್ತು, ಬ್ರಿಡ್ಜ್ ಮಾಡಿದ್ರೆ ಇದೂ ಬರ್ತಿತ್ತು. ಆಮೇಲೆ ಬೇರೆ ಮಾಡಿದ್ರು, ಅದಕ್ಕೇ ನಿಮಗೆ ನಾಲ್ಕು ತಿಂಗಳು ಗೊತ್ತಾಗ್ಲಿಲ್ಲ.

ಬಿಆರ್0ಗೆ ಮಾತ್ರ ಆಫ್ ಮಾಡ್ಬಿಡಿ:

ಐಪಿ ಲಿಂಕ್ ಸೆಟ್ ಬಿಆರ್0 ಟೈಪ್ ಬ್ರಿಡ್ಜ್ ಎನ್‌ಎಫ್_ಕಾಲ್_ಐಪಿಟೇಬಲ್ಸ್ 0

ಹಾಸನದ_ಹುಡ್ಗ

ಹೊಡೆದೆ, ಎರರ್ ಬರ್ಲಿಲ್ಲ. ಪಿಂಗೂ ಬರ್ಲಿಲ್ಲ. ಕೌಂಟರ್ ಏರ್ತಾನೇ ಇದೆ.

ಜೋಳದರೊಟ್ಟಿ

ಬರೂದಿಲ್ರಿ. ಇದರಾಗ ಎರಡು ಸ್ವಿಚ್ ಅದಾವು, ಇಡೀ ಸಿಸ್ಟಮ್ಮಿಗೆ ಒಂದು ಸಿಸ್‌ಸಿಟಿಎಲ್, ಬ್ರಿಡ್ಜಿಗೊಂದು ಬ್ಯಾರೆ. ಕರ್ನಲ್ ಎರಡನ್ನೂ ನೋಡಿ ಯಾವುದರ ಒಂದು 1 ಇದ್ರೂ ಐಪಿಟೇಬಲ್ಸ್ ಕರೀತೈತಿ. ಮ್ಯಾಲಿಂದು 1 ಇದ್ದಾಗ ಕೆಳಗಿಂದು 0 ಮಾಡಿದ್ರ ಏನೂ ಉಪಯೋಗಿಲ್ಲ, ಬಿಆರ್0ಗೆ ಅದು ಮೊದಲೂ 0ನ ಇತ್ತು. ನಾನೂ ಇದರಾಗ ಒಂದ್ ಸಂಜೀ ಕಳದೀನಿ.

ಎರಡು ದಾರಿ ಅದಾವು.

ಒಂದು, ಮ್ಯಾಲಿನ ಸ್ವಿಚ್ಚನ್ನ ಬಂದ್ ಮಾಡೂದು:

ಸಿಸ್‌ಸಿಟಿಎಲ್ -ಡಬ್ಲ್ಯೂ ನೆಟ್.ಬ್ರಿಡ್ಜ್.ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್=0

ಇದರಿಂದ ಡಾಕರ್0 ಒಳಗ ಒಂದು ಕಂಟೇನರ್ ಇನ್ನೊಂದಕ್ಕ ಹೋಸ್ಟಿನ ಪೋರ್ಟ್ ಹಿಡದು ಬಂದ್ರ ತೊಂದ್ರಿ ಆಗಬಹುದು. ಆದ್ರ ಕಪ್ಪುಪರದೆ ಹೇಳಿದ ಕಮಾಂಡ್ ಇಲ್ಲಿ ಉಲ್ಟಾ ಉಪಯೋಗಕ್ಕ ಬರ್ತೈತಿ, ಮ್ಯಾಲಿಂದು 0 ಮಾಡಿ ಡಾಕರ್0 ಒಂದಕ್ಕ ಅಷ್ಟ 1 ಕೊಡ್ರಿ. ಕುಬರ್ನೆಟೀಸ್ (ಬಾಳ ಕಂಟೇನರ್ ಸಂಭಾಳ್ಸೂ ಸಾಫ್ಟ್‌ವೇರ್) ಹಾಕಿದ ಮಷೀನಿನ್ಯಾಗ ಮಾತ್ರ ಈ ಕಡೆ ಹಾಯಬ್ಯಾಡ್ರಿ, ಅದಕ್ಕ ಇದು 1 ಇರಾಕ ಬೇಕು.

ಇನ್ನೊಂದು, ಸ್ವಿಚ್ ಹಂಗ ಬಿಟ್ಟು ಫೈರ್‌ವಾಲಿನ್ಯಾಗ ದಾರಿ ಕೊಡೂದು:

ಐಪಿಟೇಬಲ್ಸ್ -ಐ ಡಾಕರ್-ಯೂಸರ್ -ಐ ಬಿಆರ್0 -ಓ ಬಿಆರ್0 -ಜೆ ಅಕ್ಸೆಪ್ಟ್

(ಮೊದಲನೇ ಐ ದೊಡ್ಡಕ್ಷರ, ಎರಡನೇದು ಸಣ್ಣದು.) ಒಳಗ ಬಂದದ್ದೂ ಬಿಆರ್0, ಹೊರಗ ಹೋಗೂದೂ ಬಿಆರ್0, ಐಪಿಟೇಬಲ್ಸ್ ಕಣ್ಣಿಗೆ ಹಂಗ ಕಾಣ್ತೈತಿ. ಫಾರ್ವರ್ಡ್ ಚೈನಿನ್ಯಾಗ ನೀವ ಬರಿಯಾಕ ಹೋಗಬ್ಯಾಡ್ರಿ, ಡಾಕರ್ ರೀಸ್ಟಾರ್ಟ್ ಆದಾಗ ತನ್ನ ರೂಲ್ ಮ್ಯಾಲ ತಂದು ಹಾಕ್ತೈತಿ. ಡಾಕರ್-ಯೂಸರ್ ಚೈನ್ ನಮಗಂತನ ಬಿಟ್ಟಾರ. ರೀಬೂಟ್ ಆದ್ರ ಇದು ಹೋಗ್ತೈತಿ, ಉಳಿಸಿಕೊಳ್ಳೂ ವ್ಯವಸ್ಥಾ ನೀವ ಮಾಡ್ಬೇಕು.

ಹಾಸನದ_ಹುಡ್ಗ

ಮೊದಲನೇದು ಹೊಡೆದೆ, ಎಂಟರ್ ಒತ್ತಿ ಬೆರಳು ಎತ್ತೋದ್ರೊಳಗೆ ಪಿಂಗ್ ಬಂತು!! ಅಣ್ಣಾ ನೀವು ದೇವ್ರು.

ಎಡಿಟ್: ಖುಷಿ ಪಡ್ಬೇಡ ಅಂತ ಇದೆ. ಸಿಸ್‌ಸಿಟಿಎಲ್.ಡಿ ಫೋಲ್ಡರಲ್ಲಿ ಫೈಲ್ ಮಾಡಿ ಅದೇ ಲೈನ್ ಹಾಕಿ ರೀಬೂಟ್ ಮಾಡಿದ್ರೆ ಮತ್ತೆ 1 ಆಗಿ ಕೂತಿದೆ. ಫೈಲಲ್ಲಿ 0 ಅಂತಾನೇ ಇದೆ, ಹತ್ತು ಸಲ ನೋಡ್ದೆ.

ಕಪ್ಪುಪರದೆ

ಬೂಟ್ ಆಗೋ ಕ್ರಮ ನೋಡಿ. ಸಿಸ್‌ಸಿಟಿಎಲ್ ಫೈಲ್‌ಗಳನ್ನ ಓದೋದು ತುಂಬಾ ಮುಂಚೆ, ಆಗ ಬಿಆರ್_ನೆಟ್‌ಫಿಲ್ಟರ್ ಲೋಡೇ ಆಗಿರಲ್ಲ, ನೆಟ್.ಬ್ರಿಡ್ಜ್ ಅನ್ನೋ ಕೀನೇ ಇರಲ್ಲ, ನಿಮ್ಮ ಲೈನು ಗಾಳಿಗೆ ಹೋಗುತ್ತೆ. ಆಮೇಲೆ ಡಾಕರ್ ಎದ್ದು ಮಾಡ್ಯೂಲ್ ಕರೆಸುತ್ತೆ, ಅದು ಬರೋದೇ 1 ಅಂತ.

ಈಟಿಸಿ ಒಳಗೆ ಮಾಡ್ಯೂಲ್ಸ್-ಲೋಡ್.ಡಿ ಅಂತ ಫೋಲ್ಡರ್ ಇದೆ, ಅದ್ರಲ್ಲಿ ಯಾವುದಾದ್ರೂ ಹೆಸರಿಗೆ .ಕಾನ್ಫ್ ಹಚ್ಚಿ ಫೈಲ್ ಮಾಡಿ, ಬಿಆರ್_ನೆಟ್‌ಫಿಲ್ಟರ್ ಅಂತ ಒಂದೇ ಪದ ಬರೀರಿ. ಸಿಸ್ಟಮ್‌ಡಿ ಮೊದ್ಲು ಮಾಡ್ಯೂಲ್ ಲೋಡ್ ಮಾಡಿ ಆಮೇಲೆ ಸಿಸ್‌ಸಿಟಿಎಲ್ ಓದುತ್ತೆ, ಆಗ ನಿಮ್ಮ 0 ನಿಲ್ಲುತ್ತೆ. ಬೇಡ ಅನ್ನೋ ಮಾಡ್ಯೂಲನ್ನ ನಾವೇ ಮುಂಚೆ ಕರೆಸಿ ಕೂರಿಸೋದು ತಮಾಷೆ ಅನ್ಸುತ್ತೆ, ಆದ್ರೆ ಕೆಲಸ ಆಗುತ್ತೆ.

ಮತ್ತೆ ಒಂದು ಮಾತು. ಎಸ್‌ಎಸ್‌ಎಚ್‌ನಲ್ಲಿ ಬ್ರಿಡ್ಜಿಗೆ ಕೈ ಹಾಕೋ ಮುಂಚೆ "ಶಟ್‌ಡೌನ್ -ಆರ್ +5" ಅಂತ ಹೊಡೆದಿಡಿ. ಐಪಿ ಕಮಾಂಡಲ್ಲಿ ಮಾಡಿದ್ದು ಯಾವುದೂ ಡಿಸ್ಕಿಗೆ ಹೋಗಲ್ಲ, ಕನೆಕ್ಷನ್ ಹೋದ್ರೆ ಐದು ನಿಮಿಷಕ್ಕೆ ತಾನೇ ರೀಬೂಟ್ ಆಗಿ ಹಳೇ ಸ್ಥಿತಿಗೆ ಬರುತ್ತೆ. ಎಲ್ಲಾ ಸರಿ ಇದ್ರೆ "ಶಟ್‌ಡೌನ್ -ಸಿ". ಟಿವಿ ಹೊರೋದು ತಪ್ಪುತ್ತೆ.

ಹಾಸನದ_ಹುಡ್ಗ

ಎರಡು ಸಲ ರೀಬೂಟ್ ಮಾಡಿ ನೋಡ್ದೆ, 0 ಅಂತಾನೇ ನಿಂತಿದೆ. ವಿಎಂ ಎರಡೂ ಆನ್‌ಲೈನ್, ಫೋಟೋ ಕಂಟೇನರ್ರೂ ನಡೀತಿದೆ. ಟೈಟಲ್‌ಗೆ ಪರಿಹಾರ ಆಯ್ತು ಅಂತ ಸೇರಿಸ್ತೀನಿ. ಆ ಶಟ್‌ಡೌನ್ ಐಡಿಯಾ ಶುಕ್ರವಾರವೇ ಗೊತ್ತಿದ್ರೆ ಅಮ್ಮನ ಹತ್ರ ಬೈಸ್ಕೊಳೋದು ತಪ್ತಿತ್ತು.

ರಾಗಿಮುದ್ದೆ_2

ಇದೇ ಥ್ರೆಡ್ಡಲ್ಲಿ ಕೇಳ್ಬಿಡ್ತೀನಿ, ಬೇಜಾರಾಗ್ಬೇಡಿ. ನಂದು ಲ್ಯಾಪ್‌ಟಾಪ್, ಕೇಬಲ್ ಇಲ್ಲ, ವೈಫೈ ಮಾತ್ರ. ಡಬ್ಲ್ಯೂಲ್ಯಾನ್0ನ ಬ್ರಿಡ್ಜಿಗೆ ಸೇರ್ಸಕ್ಕೆ ಹೋದ್ರೆ "ಆಪರೇಷನ್ ನಾಟ್ ಸಪೋರ್ಟೆಡ್" ಅಂತ ಬೈಯುತ್ತೆ. ಇದೂ ಡಾಕರ್ದೇನಾ?

ಜೋಳದರೊಟ್ಟಿ

ಅಲ್ರಿ, ಇದು ವೈಫೈದ್ದ ಗುಣ. ಆಕ್ಸೆಸ್ ಪಾಯಿಂಟ್ ಜೊತಿ ಕನೆಕ್ಟ್ ಆಗಿದ್ದು ನಿಮ್ಮ ಲ್ಯಾಪ್‌ಟಾಪಿನ ಒಂದ ಮ್ಯಾಕ್. ಬ್ರಿಡ್ಜ್ ಹಾಕಿ ವಿಎಂನ ಮ್ಯಾಕ್ ಇಟಗೊಂಡು ಫ್ರೇಮ್ ಕಳಿಸಿದ್ರ ಯಾರಪಾ ನೀ ಅಂತೈತಿ ಅದು. ಅದಕ್ಕ ಕರ್ನಲ್ ಮೊದಲ ಬ್ಯಾಡ ಅಂದುಬಿಡ್ತೈತಿ. ಫೋರ್-ಅಡ್ರೆಸ್ ಮೋಡ್ ಅಂತ ಒಂದೈತಿ, ಆದ್ರ ಆ ಕಡೆ ರೂಟರೂ ಒಪ್ಪಬೇಕು, ಮನಿ ರೂಟರ್ ಬಾಳ ಮಾಡಿ ಒಪ್ಪೂದಿಲ್ಲ. ಮ್ಯಾಕ್‌ವ್ಲ್ಯಾನ್ ಹಾಕಿದ್ರೂ ಅದ ಹಣೇಬರಹ, ಅಲ್ಲೂ ವಿಎಂಗೆ ಬ್ಯಾರೆ ಮ್ಯಾಕ್ ಇರ್ತೈತಿ.

ಸುಮ್ನ ಲಿಬ್‌ವರ್ಟ್ ಜೊತಿ ಬರೋ ವರ್‌ಬಿಆರ್0 ಉಪಯೋಗಸ್ರಿ, 192.168.122 ನೆಟ್‌ವರ್ಕು, ನ್ಯಾಟ್ ಆಗಿ, ಅಂದ್ರ ಲ್ಯಾಪ್‌ಟಾಪಿನ ಐಪಿ ಹೆಸರಿನ್ಯಾಗ, ಹೊರಗ ಹೋಗ್ತೈತಿ. ಹೊರಗಿನವರು ವಿಎಂ ಒಳಗ ಬರಬೇಕಂದ್ರ ಪೋರ್ಟ್ ಫಾರ್ವರ್ಡ್ ಮಾಡ್ಕೋರಿ. ಇಲ್ಲಂದ್ರ ಒಂದು ಯುಎಸ್‌ಬಿ ಈಥರ್ನೆಟ್ ತುಂಡು ತಗೊಂಡು ಬರ್ರಿ, ಅದನ್ನ ಬ್ರಿಡ್ಜಿಗೆ ಹಾಕ್ರಿ, ಕಿರಿಕಿರಿ ಇಲ್ಲ.